ನೇರಳೆಯ ಈಚೆ

ಫೆಬ್ರವರಿ 9, ಸೋಮವಾರ

ಚರ್ಮದ ಡಾಕ್ಟರಮ್ಮ ಬರೆಯಲು ಹೇಳಿದ್ದಾರೆ. ಮೈಮೇಲೆ ದದ್ದು ಯಾವಾಗ ಏಳುತ್ತದೆ, ಎಲ್ಲಿದ್ದಾಗ ಏಳುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ. ಗಾಜಿನ ಅಂಗಡಿಯವನಾದ ನಾನು ಉದ್ದ ಅಗಲ ಬಿಟ್ಟು ಬೇರೇನನ್ನೂ ಬರೆದವನಲ್ಲ. ಅವರಿಗೆ ತೋರಿಸುವುದಕ್ಕೆ ಬೇರೆ ಹಾಳೆ ಇಟ್ಟಿದ್ದೇನೆ. ಇದು ನನ್ನ ಸಿಟ್ಟು ಕಕ್ಕಿಕೊಳ್ಳುವುದಕ್ಕೆ.

ಆದದ್ದು ಇಷ್ಟು. ಹೋದ ವಾರ ಒಂದು ಮೂರಂತಸ್ತಿನ ಕಟ್ಟಡದ ಮುಂಭಾಗಕ್ಕೆ ಗಾಜು ಕೂರಿಸುತ್ತಿದ್ದೆ. ಒಳ್ಳೆಯ ಬಿಸಿಲು. ಮೊದಲು ಕೈ ತುರಿಸಿತು, ಆಮೇಲೆ ಕುತ್ತಿಗೆ, ನೋಡನೋಡುತ್ತಿದ್ದಂತೆ ತೋಳೆಲ್ಲ ದಪ್ಪ ದಪ್ಪ ಕೆಂಪು ದದ್ದು. ಕಣ್ಣು ಕತ್ತಲೆ ಬಂತು. ಟೇಪು ಸೊಂಟದ ಬೆಲ್ಟು ಹಿಡಿದು ಎಳೆಯದೆ ಇದ್ದಿದ್ದರೆ ಅಟ್ಟಣೆಯಿಂದ ನೇರ ಕೆಳಗೆ ಹೋಗುತ್ತಿದ್ದೆ. ಟೇಪು ಎಂದರೆ ನನ್ನ ಅಂಗಡಿಯ ಹಳೆಯ ಕೆಲಸಗಾರ. ಸಣ್ಣಗೆ ಉದ್ದಕ್ಕೆ ಇದ್ದಾನೆ, ಬೈದರೆ ಸರ್ರನೆ ಒಳಗೆ ಸುತ್ತಿಕೊಳ್ಳುತ್ತಾನೆ, ಅದಕ್ಕೇ ಆ ಹೆಸರು.

ಬೆಳಕಿನ ಅಲರ್ಜಿ ಎಂದರು ಡಾಕ್ಟರಮ್ಮ. ಜೀವಮಾನವಿಡೀ ಕಂಡವರ ಮನೆಯೊಳಗೆ ಬೆಳಕು ಬಿಟ್ಟುಕೊಟ್ಟವನಿಗೆ ಈಗ ಬೆಳಕೇ ಆಗುವುದಿಲ್ಲವಂತೆ. ಯಾವ ಬೆಳಕು ಆಗುವುದಿಲ್ಲ ಎಂದು ಬೇರೆಬೇರೆ ಮಾಡಿ ತೋರಿಸುವ ಯಂತ್ರ ದೊಡ್ಡ ಆಸ್ಪತ್ರೆಯಲ್ಲಿದೆ. ನನ್ನ ಸರದಿ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಮಾತ್ರೆ ನುಂಗಿ ಮನೆಯಲ್ಲಿ ಬಿದ್ದಿರಬೇಕು.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ. ಭಾವ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗಿದ್ದಾಳೆ. ನಾನು ಮದುವೆಯಾಗಲಿಲ್ಲ, ನನ್ನ ಬಾಯಿಗೆ ಹೆಣ್ಣು ಸಿಗಲಿಲ್ಲ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅವಳು ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದವಳು. ಈಗಲೂ ಬೆಳಗಿನ ಪತ್ರಿಕೆಯನ್ನು ಪೂರ್ವದ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು ಜೋರಾಗಿ ಓದಬೇಕು, ಅಚ್ಚಿನ ತಪ್ಪು ಸಿಕ್ಕಿದರೆ ಚಿನ್ನ ಸಿಕ್ಕಿದಷ್ಟು ಖುಷಿಪಡಬೇಕು. ನಾನು ಶೂ ಹಾಕಿಕೊಳ್ಳುತ್ತ ಕೇಳಬೇಕು. ನಲವತ್ತು ದಾಟಿದ ಮೇಲೆ ನಾನು ಸ್ವಂತವಾಗಿ ಪತ್ರಿಕೆ ಓದಿದ್ದೇ ನೆನಪಿಲ್ಲ.

ಅವಳ ಕಣ್ಣಿನ ನಡುಭಾಗ ಸವೆಯುತ್ತಿದೆ ಎಂದು ಕಣ್ಣಿನ ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ. ತಿಂಗಳಿಗೊಂದು ಇಂಜೆಕ್ಷನ್, ಕೂತಲ್ಲಿ ಒಳ್ಳೆಯ ಬೆಳಕು, ಇವೆರಡು ತಪ್ಪಬಾರದು. ನಾನೇ ಕರೆದುಕೊಂಡು ಹೋಗುತ್ತೇನೆ. ಒಂದು ಮನೆಗೆ ಒಂದು ಕಾಯಿಲೆ ಸಾಕಿತ್ತು.

ಫೆಬ್ರವರಿ 12, ಗುರುವಾರ

ಇವತ್ತು ಎಲ್ಲ ಕಿಟಕಿಗಳಿಗೂ ಫಿಲ್ಮು ಅಂಟಿಸಿದೆವು. ಬಿಸಿಲಿನಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣದ ಭಾಗ, ನೇರಳೆಯ ಆಚೆ ಇರುವ ನೇರಳಾತೀತ. ನನ್ನ ಅಂಗಡಿಯ ಫಿಲ್ಮು ಅದನ್ನು ಪೂರ್ತಿ ತಡೆಯುತ್ತದೆ, ಕಾಣುವ ಬೆಳಕನ್ನು ಪೂರ್ತಿ ಬಿಡುತ್ತದೆ. ಎಷ್ಟೋ ಜನಕ್ಕೆ ಮಾರಿದ್ದೇನೆ.

ನೇರಳಾತೀತ ಬಿಟ್ಟು ಖೋಟಾ ನೋಟು ಪರೀಕ್ಷಿಸುವ ದೀಪ ತರಿಸಿ ಅಕ್ಕನಿಗೆ ತೋರಿಸಿದೆ. ದೀಪದ ಕೆಳಗೆ ನೋಟಿನ ಗುರುತು ಫಳಫಳ ಹೊಳೆಯಿತು. ನಡುವೆ ಫಿಲ್ಮು ಹಿಡಿದೆ, ಹೊಳಪು ಮಂಗಮಾಯ.

"ನೋಡಿದ್ಯಾ? ಒಂದು ಹನಿ ಒಳಗೆ ಬರಲ್ಲ."

"ನಿನ್ನ ಕಾಯಿಲೆಗೂ ನೀನೇ ಗಿರಾಕಿ, ನೀನೇ ಅಂಗಡಿ," ಎಂದಳು ಅಕ್ಕ.

ಡಾಕ್ಟರಮ್ಮನಿಗೆ ಒಂದು ಮಾತು ಕೇಳು ಎಂದೂ ಹೇಳಿದಳು. ಗಾಜಿನ ವಿಷಯ ಡಾಕ್ಟರಮ್ಮ ನನಗೆ ಹೇಳಿಕೊಡಬೇಕೇ?

ಫೆಬ್ರವರಿ 20, ಶುಕ್ರವಾರ

ಮತ್ತೆ ಎದ್ದಿದೆ. ಕಿಟಕಿಯ ಪಕ್ಕ ಟೀ ಕುಡಿಯುತ್ತ ಕೂತಿದ್ದೆ ಅಷ್ಟೇ. ಲೋಟ ಖಾಲಿಯಾಗುವ ಮೊದಲೇ ಮುಂಗೈ ಉಬ್ಬಿತು. ಒಳಗಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡ ಮೇಲೆ ಇಳಿಯಿತು.

ಫಿಲ್ಮಿನಲ್ಲಿ ಎಲ್ಲೋ ಸೀಳು ಇರಬೇಕು ಎಂದು ದೀಪ ಹಿಡಿದು ಅಂಗುಲ ಅಂಗುಲ ಹುಡುಕಿದೆ. ಇಲ್ಲ. ಎರಡನೇ ಪದರ ಹಾಕಿಸಿದೆ. ಸೋಪು ಬದಲಾಯಿಸಿದೆ. ಟೇಪುವಿಗೆ ಬೈದೆ. ಅವನು ಸುತ್ತಿಕೊಂಡು ಹೋದ.

ನಾಳೆ ಅಕ್ಕನ ಇಂಜೆಕ್ಷನ್ ದಿನ. ನಾನು ಹೊರಗೆ ಕಾಲಿಡುವ ಹಾಗಿಲ್ಲ. ಟೇಪು ಕರೆದುಕೊಂಡು ಹೋಗಲಿ ಎಂದೆ, ಮತ್ತೆ ನಾನೇ ಬೇಡ ಎಂದೆ. ಅವನೂ ಹೋದರೆ ಅಂಗಡಿ ಮುಚ್ಚಬೇಕು. ಒಂದು ತಿಂಗಳು ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

"ಸರಿ ಬಿಡು," ಎಂದಳು.

ಮಾರ್ಚ್ 2, ಸೋಮವಾರ

ತಲೆ ಚಿಟ್ಟು ಹಿಡಿದಿದೆ. ಮೂರನೇ ಪದರಕ್ಕೂ ಬಗ್ಗಲಿಲ್ಲ. ಇವತ್ತು ಎಲ್ಲ ಕಿಟಕಿಗೂ ಒಳಗಿನಿಂದ ಕಪ್ಪು ಕಾಗದ, ಅದರ ಮೇಲೆ ದಪ್ಪ ಪರದೆ. ಬಿಳಿ ಬಲ್ಬಿನ ಕೆಳಗೆ ಕೂತರೂ ಕುತ್ತಿಗೆ ಚುರುಗುಟ್ಟುತ್ತದೆ, ಅವನ್ನೂ ಕಿತ್ತು ಹಾಕಿದೆ. ನನ್ನ ಕೋಣೆಯಲ್ಲಿ ಒಂದು ಕೆಂಪು ಪುಟ್ಟ ಬಲ್ಬು. ಫೋಟೋ ತೊಳೆಯುವವರ ಕತ್ತಲೆ ಕೋಣೆಯ ಹಾಗಿದೆ ಮನೆ.

ಪೂರ್ವದ ಕಿಟಕಿಗೆ ಕಾಗದ ಅಂಟಿಸುವಾಗ ಅಕ್ಕ ಕುರ್ಚಿಯಿಂದ ಏಳಲಿಲ್ಲ.

"ಇದೊಂದು ಇರ್ಲಿ ಬಿಡೋ. ನೀನು ಈ ಕಡೆ ಬರಬೇಡ ಅಷ್ಟೇ."

"ಬಾಗಿಲ ಸಂದಿಯಿಂದ ಬೆಳಕು ಒಳಗೆ ಬರುತ್ತೆ ಅಕ್ಕ. ನಾನು ಸಾಯ್ಲಾ?"

ಎದ್ದಳು. ಅಡುಗೆಮನೆಯ ಸಣ್ಣ ಕಿಟಕಿಯನ್ನು ಮಾತ್ರ ಬಿಟ್ಟಿದ್ದೇನೆ, ನಾನೇನು ರಾಕ್ಷಸನಲ್ಲ. ಅದು ಪಕ್ಕದ ಕಟ್ಟಡದ ಗೋಡೆಗೆ ಎದುರಾಗಿದೆ, ಬೆಳಕು ಅಷ್ಟಕ್ಕಷ್ಟೆ. ಇನ್ನು ಮೇಲೆ ಅಲ್ಲಿಂದಲೇ ಪತ್ರಿಕೆ ಓದುತ್ತಾಳಂತೆ, ನಾನು ಬಾಗಿಲು ಹಾಕಿಕೊಂಡು ಕೋಣೆಯಿಂದ ಕೇಳಬೇಕಂತೆ.

ಮಾರ್ಚ್ 5, ಗುರುವಾರ

ಇವತ್ತು ನಕ್ಕೆ. ಪಕ್ಕದ ಊರಿನ ಪ್ರಾಣಿಸಂಗ್ರಹಾಲಯದಿಂದ ಒಂದು ಉಷ್ಟ್ರಪಕ್ಷಿ ತಪ್ಪಿಸಿಕೊಂಡಿದೆಯಂತೆ. ಮೇವು ಹಾಕುವವನು ಬಾಗಿಲು ತೆರೆದು ಸೀನಿದ, ಅಷ್ಟರಲ್ಲಿ ಅದು ಹೊರಗೆ. ಆಮೇಲೆ ಬಸ್ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿತ್ತಂತೆ. ಅದರ ಹಿಂದೆ ನಿಂತವರು ಯಾರೂ ತಕರಾರು ಮಾಡಲಿಲ್ಲವಂತೆ.

ಅಕ್ಕ ಗಂಭೀರವಾಗಿಯೇ ಓದಿದಳು.

ಮಾರ್ಚ್ 6, ಶುಕ್ರವಾರ

ಸಿಕ್ಕಿಲ್ಲ. ಪೆಟ್ರೋಲ್ ಬಂಕಿನ ಹತ್ತಿರ ಕಂಡರಂತೆ. ಒಳ್ಳೆಯದಾಯಿತು.

ಮಾರ್ಚ್ 17, ಮಂಗಳವಾರ

ಎದ್ದೆ. ಮಲಗಿದೆ. ಎದ್ದೆ. ಹೊರಗೆ ಕಸದ ಗಾಡಿ ಬಂತು, ಹೋಯಿತು. ಎದುರುಮನೆಯವರು ಗೇಟು ತೆಗೆದರು, ಹಾಕಿದರು. ಶಬ್ದದ ಮೇಲೆ ಹೊತ್ತು ಗೊತ್ತಾಗುತ್ತದೆ. ಮಧ್ಯಾಹ್ನದ ಹೊತ್ತು ಬಾಗಿಲ ಕೆಳಗಿನ ಸಂದಿಯಲ್ಲಿ ದಾರದಷ್ಟು ಬೆಳಕು ಕಾಣುತ್ತಿತ್ತು, ಅದಕ್ಕೂ ಬಟ್ಟೆ ತುರುಕಿದೆ. ತುರುಕಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಹೊರಗೆ ಹೋಗಬೇಕು ಎಂದು ಈಗೀಗ ಅಷ್ಟೇನೂ ಅನ್ನಿಸುವುದಿಲ್ಲ.

ಅಕ್ಕನಿಗೆ ನನ್ನ ಮೇಲೆ ಸಿಟ್ಟಿದೆ. ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮುಖ ಕೊಟ್ಟು ಮಾತಾಡುವುದಿಲ್ಲ. ನಾನು ಎದುರಿಗೆ ನಿಂತರೆ ಗೋಡೆ ಕಡೆ ತಿರುಗುತ್ತಾಳೆ. ನನ್ನ ದದ್ದು ನೋಡಿದರೆ ಹೇಸಿಗೆಯೋ ಏನೋ. ನಿನ್ನೆ ಟೀಗೆ ಉಪ್ಪು ಹಾಕಿ ತಂದಳು. ಇವತ್ತು ಲೋಟವನ್ನು ಮೇಜಿನ ಮೇಲೆ ಇಡುವ ಬದಲು ಗಾಳಿಯಲ್ಲಿ ಬಿಟ್ಟಳು.

"ಬೇಕಂತಲೇ ಮಾಡ್ತಿದ್ದೀಯಾ?" ಎಂದೆ.

"ಹೂಂ, ನಿನ್ನ ಕಾಲು ಸುಡ್ಲಿ ಅಂತ," ಎಂದು ನೆಲ ಒರೆಸಿದಳು. ಅರ್ಧ ಒರೆಸಿ ಅರ್ಧ ಹಾಗೇ ಬಿಟ್ಟಳು. ಇಂಥ ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ.

ಉಷ್ಟ್ರಪಕ್ಷಿ ಒಂದು ಷೋರೂಮಿನ ಮುಂದೆ ತನ್ನ ಪ್ರತಿಬಿಂಬ ನೋಡಿ ಗಾಜು ಕುಕ್ಕಿತಂತೆ.

"ಗಾಜು ಒಡೀತಾ?" ಎಂದು ಬಾಗಿಲ ಹಿಂದಿನಿಂದ ಕೂಗಿದೆ.

"ಇಲ್ಲ. ಒಳ್ಳೆ ಗಾಜಂತೆ."

"ಯಾರ ಅಂಗಡೀದು?"

"ಅದನ್ನ ಬರೆದಿಲ್ಲ."

ಪತ್ರಿಕೆಯವರಿಗೆ ಮುಖ್ಯವಾದದ್ದು ಯಾವುದು ಎಂದು ಗೊತ್ತಾಗುವುದೇ ಇಲ್ಲ. ಒಂದು ಮಾತು ಹೇಳಬೇಕು, ಪತ್ರಿಕೆ ಸುಧಾರಿಸಿದೆ. ಇತ್ತೀಚೆಗೆ ಅಕ್ಕನಿಗೆ ಒಂದೇ ಒಂದು ಅಚ್ಚಿನ ತಪ್ಪು ಸಿಕ್ಕಿಲ್ಲ.

ಮಾರ್ಚ್ 24, ಮಂಗಳವಾರ

ಅಕ್ಕನ ಇಂಜೆಕ್ಷನ್ ದಿನ ಮೊನ್ನೆ ಶನಿವಾರಕ್ಕೇ ದಾಟಿತು. ನನಗೆ ಇವತ್ತು ನೆನಪಾಯಿತು. ನೀನಾದರೂ ನೆನಪಿಸಬಾರದಿತ್ತೇ ಎಂದು ಕೇಳಿದೆ.

"ಹೋಗಿ ಏನ್ ಮಾಡೋದು ಬಿಡು. ನಿಂದು ಮೊದಲು ಮುಗೀಲಿ."

ಆಗಲಿ. ಏಪ್ರಿಲ್ ಇನ್ನೆಷ್ಟು ದೂರ. ಉಷ್ಟ್ರಪಕ್ಷಿ ಹೆದ್ದಾರಿ ದಾಟಿದೆ. ರಾತ್ರಿ ಎಲ್ಲಿ ಮಲಗುತ್ತದೋ. ಸಿಗದೆ ಇರಲಿ.

ಏಪ್ರಿಲ್ 3, ಶುಕ್ರವಾರ

ಟೇಪು ದಿನಸಿ ತಂದುಕೊಟ್ಟ. ಕತ್ತಲೆಯಲ್ಲಿ ಮೇಜಿಗೆ ಮಂಡಿ ಬಡಿಸಿಕೊಂಡು ಕೂತ. ಮಾತಿಗೆ ಮಾತು ಬಂದು ಉಷ್ಟ್ರಪಕ್ಷಿ ನಮ್ಮ ಅಂಗಡಿ ಬೀದಿಗೆ ಬಂದಿತ್ತೇ ಎಂದು ಕೇಳಿದೆ.

"ಯಾವ ಪಕ್ಷಿ ಯಜಮಾನ್ರೇ?"

"ಅದೇನಯ್ಯಾ, ತಪ್ಪಿಸಿಕೊಂಡಿದ್ಯಲ್ಲ. ತಿಂಗಳಿಂದ ಪೇಪರ್ ತುಂಬಾ ಅದೇ."

ಅವನು ಮಂಡಿ ಉಜ್ಜಿಕೊಂಡ. "ನಾನು ದಿನಾ ಅಂಗಡೀಲಿ ಅದೇ ಪೇಪರ್ ಓದ್ತೀನಿ. ಅಂಥದ್ದೇನೂ ಬಂದಿಲ್ಲ." ಆಮೇಲೆ ದನಿ ತಗ್ಗಿಸಿ, "ಹೊತ್ತು ಮುಳುಗಿದ ಮೇಲೆ ಒಂದು ಸಲ ಆದ್ರೂ ಹಿತ್ತಲಿಗೆ ಬನ್ನಿ ಯಜಮಾನ್ರೇ. ಕತ್ತಲಲ್ಲೇ ಕೂತ್ರೆ ತಲೆಗೆ ಏನೇನೋ ಹೊಳೆಯುತ್ತೆ," ಎಂದ.

ನನಗೆ ಹುಚ್ಚು ಹಿಡಿದಿದೆ ಎಂದುಕೊಂಡು ಹೋದ. ಅಕ್ಕ ನನ್ನನ್ನು ಮಂಗ ಮಾಡಿದ್ದಾಳೆ. ಒಂದು ತಿಂಗಳು! ಹಾಸಿಗೆ ಹಿಡಿದವನ ಜೊತೆ ಆಡುವ ಆಟವೇ ಇದು? ರಾತ್ರಿ ಊಟ ಮಾಡಲಿಲ್ಲ. ನಾಳೆ ಓದುವಾಗಲೇ ಹೋಗಿ ಹಿಡಿಯುತ್ತೇನೆ.

ಏಪ್ರಿಲ್ 4, ಶನಿವಾರ

ತಲೆಗೆ ಟವೆಲ್ಲು ಸುತ್ತಿ, ಗಾಜು ಹೊರುವ ಕೈಗವಸು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅವಳು ಓದುತ್ತಿದ್ದಳು.

"ಉಷ್ಟ್ರಪಕ್ಷಿಯು ನಿನ್ನೆ ಸಂಜೆ ಕೆರೆಯ ದಂಡೆಯಲ್ಲಿ ಕಾಣಿಸಿಕೊಂಡಿದ್ದು, ಆರೋಗ್ಯವಾಗಿದೆ ಎಂದು ಪ್ರತ್ಯಕ್ಷದರ್ಶಿಗಳು ತಿಳಿಸಿದ್ದಾರೆ."

ಅವಳ ಎರಡು ಕೈಗಳೂ ಮಡಿಲಲ್ಲಿದ್ದವು. ಕೈಯಲ್ಲಿ ಏನೂ ಇರಲಿಲ್ಲ. ಮುಖ ಗೋಡೆಯ ಕಡೆಗಿತ್ತು. ಇವತ್ತಿನ ಪತ್ರಿಕೆ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು ಹಾಗೇ ಕಟ್ಟೆಯ ಮೇಲಿತ್ತು. ಅದರ ಕೆಳಗಿನ ಗೂಡಿನಲ್ಲಿ ಅಂಥ ಸುರುಳಿಗಳು ಒಂದರ ಮೇಲೊಂದು ತುಂಬಿಕೊಂಡಿದ್ದವು. ಯಾವುದರ ರಬ್ಬರ್ ಬ್ಯಾಂಡನ್ನೂ ಬಿಚ್ಚಿರಲಿಲ್ಲ.

ಅವಳು ಹವಾಮಾನದವರೆಗೂ ಓದಿ ಮುಗಿಸಿದಳು. ಅಷ್ಟೂ ಹೊತ್ತು ನಾನು ಎದುರಿಗೇ ನಿಂತಿದ್ದೆ.

"ಅಕ್ಕ," ಎಂದೆ.

ಬೆಚ್ಚಿದಳು. "ಇಲ್ಲಿಗೆ ಯಾಕೆ ಬಂದೆ? ಬೆಳಕಿದೆ, ಒಳಗೆ ಹೋಗು."

"ನಿನಗೆ ಕಾಣ್ತಿಲ್ವಾ?"

"ನೋಡಿದ ಕಡೆನೇ ಮಸಿ ಚೆಲ್ಲಿದ ಹಾಗಿರುತ್ತೆ ಕಣೋ. ಅಕ್ಷರ ನೋಡಿದ್ರೆ ಅಕ್ಷರದ ಮೇಲೆ, ಮುಖ ನೋಡಿದ್ರೆ ಮುಖದ ಮೇಲೆ. ಪಕ್ಕಕ್ಕೆ ತಿರುಗಿದ್ರೆ ಅಂಚಲ್ಲಿ ಒಂಚೂರು ಸಿಗುತ್ತೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಿಟಕಿ ತೆಗೀತಿದ್ದೆ. ಮತ್ತೆ ಬಿದ್ದಿದ್ರೆ? ಬೆಲ್ಟು ಹಿಡಿಯೋಕೆ ಇಲ್ಲಿ ಟೇಪು ಇಲ್ಲ."

ಹೇಳಿದ್ದರೆ ನಾನು ಕಿಟಕಿ ತೆಗೆಯುತ್ತಿದ್ದೆನೇ? ಅವಳಿಗಿದ್ದ ಆ ನಂಬಿಕೆ ನನಗಿಲ್ಲ. ಮಣಿಕಟ್ಟು ಉಬ್ಬಿ ಗವಸು ಬಿಗಿಯಾಗುತ್ತಿತ್ತು. ಮೊದಲು ಹೋಗಿ ಪೂರ್ವದ ಕಿಟಕಿಯ ಪರದೆ ಎಳೆದು ಹಾಕಿದೆ, ಕಪ್ಪು ಕಾಗದವನ್ನು ಉಗುರಿನಿಂದ ಕೆರೆದು ಹರಿದೆ. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಂದೆ. ಆಮೇಲೆ ನನ್ನ ಹಾಸಿಗೆ ಎತ್ತಿಕೊಂಡು ಸಾಮಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಈ ಮನೆಯಲ್ಲಿ ಕಿಟಕಿಯೇ ಇಲ್ಲದ ಕೋಣೆ ಇದೊಂದೇ. ಕಾಲು ಚಾಚಿದರೆ ಏಣಿ ತಗಲುತ್ತದೆ.

ಟೇಪುವಿಗೆ ಫೋನು ಮಾಡಿದೆ. ಅಂಗಡಿ ಮುಚ್ಚು, ಸೋಮವಾರ ಅಕ್ಕನನ್ನು ಕರೆದುಕೊಂಡು ಹೋಗು ಎಂದೆ.

ಏಪ್ರಿಲ್ 6, ಸೋಮವಾರ

ಬಂದರು. ಬಾಗಿಲ ಆಚೆ ನಿಂತು ಟೇಪು ಹೇಳಿದ, ನಾನು ಈಚೆ ನಿಂತು ಕೇಳಿದೆ. ಎಡಗಣ್ಣಿನ ನಡುಭಾಗ ಹೋಯಿತು, ಇನ್ನು ಬರುವುದಿಲ್ಲ. ಬಲಗಣ್ಣಿಗೆ ಇವತ್ತೇ ಇಂಜೆಕ್ಷನ್ ಕೊಟ್ಟಿದ್ದಾರೆ. ಉಳಿದದ್ದನ್ನು ಉಳಿಸಿಕೊಳ್ಳಬಹುದು. ಅಂಚಿನ ನೋಟ ಹೋಗುವುದಿಲ್ಲ, ಅದರಲ್ಲೇ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು, ಅದಕ್ಕೆ ಧಾರಾಳ ಬೆಳಕು ಬೇಕು.

"ಸಮಯಕ್ಕೆ ಬಂದಿದ್ರೆ ಅಂತ ಏನಾದ್ರೂ ಅಂದ್ರಾ?"

"ಅದನ್ನ ಬಿಡಿ ಯಜಮಾನ್ರೇ," ಎಂದ ಟೇಪು.

ಹಾಗಾದರೆ ಅಂದಿದ್ದಾರೆ.

ಏಪ್ರಿಲ್ 13, ಸೋಮವಾರ

ದೊಡ್ಡ ಆಸ್ಪತ್ರೆ. ಅಂಗಡಿಯ ವ್ಯಾನಿನ ಹಿಂಭಾಗದಲ್ಲಿ ಕಂಬಳಿ ಹೊದಿಸಿ ಮಲಗಿಸಿಕೊಂಡು ಟೇಪು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಎಚ್ಚರಿಕೆಯಿಂದ ಬ್ರೇಕು ಹಾಕಿದ. ಗಾಜು ಸಾಗಿಸಿ ರೂಢಿ.

ನಮ್ಮ ಡಾಕ್ಟರಮ್ಮನೂ ಅಲ್ಲಿಗೆ ಬಂದಿದ್ದರು. ಕವುಚಿ ಮಲಗಿಸಿ ಬೆನ್ನಿನ ಮೇಲೆ ಪೆನ್ನಿನಿಂದ ಚೌಕ ಚೌಕ ಬರೆದರು. ಯಂತ್ರ ಬೆಳಕನ್ನು ಎಳೆ ಎಳೆಯಾಗಿ ಬಿಡಿಸಿ ಒಂದೊಂದು ಚೌಕಕ್ಕೆ ಒಂದೊಂದು ಬಗೆಯ ಬೆಳಕು ಬಿಡುತ್ತದೆ. ಮೊದಲು ನೇರಳಾತೀತ. ನಾನು ಹಲ್ಲು ಕಚ್ಚಿ ಮಲಗಿದೆ. ಏನೂ ಆಗಲಿಲ್ಲ. ಎರಡನೆಯದು, ಅದಕ್ಕೂ ಏನಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ. ಡಾಕ್ಟರಮ್ಮ ಮುಂದಿನ ಚೌಕಕ್ಕೆ ಹೋದರು. ನೇರಳೆಗೆ ಬಂದಾಗ ಬೆನ್ನಿಗೆ ಉರಿ ಹತ್ತಿಕೊಂಡಿತು. ನೀಲಿಗೂ ಹಾಗೆಯೇ. ಹಸಿರಿಗೆ ಉರಿ ತಗ್ಗಿತು. ಹಳದಿ, ಕೆಂಪಿಗೆ ಮೈ ಸುಮ್ಮನಿತ್ತು.

"ನಿಮ್ಮ ಫಿಲ್ಮು ಎಲ್ಲಿ ನಿಲ್ಲುತ್ತೋ ಅಲ್ಲಿಂದ ನಿಮ್ಮ ಕಾಯಿಲೆ ಶುರುವಾಗುತ್ತೆ," ಎಂದರು ಡಾಕ್ಟರಮ್ಮ. "ಕಣ್ಣಿಗೆ ಕಾಣದ್ದನ್ನೆಲ್ಲ ನೀವು ಚೆನ್ನಾಗಿ ತಡೆದಿದ್ದೀರಿ. ನಿಮಗೆ ಆಗದೆ ಇರೋದು ಕಾಣೋ ಬೆಳಕು. ಅದರಲ್ಲೂ ಈ ಒಂದು ತುದಿ."

ಗೋಡೆಯ ಮೇಲಿನ ಚಿತ್ರ ತೋರಿಸಿದರು. ಒಂದು ಉದ್ದನೆಯ ಪಟ್ಟಿ. ಒಂದು ಕಡೆ ರೇಡಿಯೋ ಅಲೆ, ಇನ್ನೊಂದು ಕಡೆ ಎಕ್ಸ್‌ರೇ, ಅದಕ್ಕೂ ಆಚೆ ಇನ್ನೇನೋ. ಎರಡು ತುದಿಗೂ ಕೊನೆ ಬರೆದಿರಲಿಲ್ಲ. ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಿದೆ. ಅಲ್ಲಿಗೆ ಮುಗಿಯಿತು ಎಂದು ಗೆರೆ ಎಳೆಯುವ ಜಾಗ ಗೊತ್ತಿಲ್ಲ ಎಂದರು. ನಡುವೆ ಬೆರಳಗಲದ ಬಣ್ಣದ ತುಂಡು, ಮನುಷ್ಯನಿಗೆ ಕಾಣುವುದು ಅಷ್ಟೇ. ಅದರಲ್ಲಿ ನನಗೆ ಆಗದೆ ಇರುವುದು ಉಗುರಿನಷ್ಟು.

ಉಗುರಿನಷ್ಟಕ್ಕೆ ಇಡೀ ಮನೆಗೆ ಕಪ್ಪು ಬಳಿದೆ. ಡಾಕ್ಟರಮ್ಮ ನಿಧಾನವಾಗಿ ಮೈಗೆ ಬೆಳಕು ರೂಢಿ ಮಾಡಿಸುವ ಚಿಕಿತ್ಸೆಯ ಬಗ್ಗೆ ಏನೇನೋ ಹೇಳಿದರು. ಫಲಿಸಲೂಬಹುದು, ಇಲ್ಲದೆಯೂ ಇರಬಹುದಂತೆ. ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನೀಲಿಯನ್ನು ತಡೆಯುವ ಗಾಜಿದ್ದರೆ ಸಾಕೇ ಎಂದು ಕೇಳಿದೆ. "ಗಾಢ ಹಳದಿ ಇದ್ರೆ ತನ್ನಿ, ಇದೇ ಯಂತ್ರದಲ್ಲಿ ನೋಡೋಣ. ನಿಮ್ಮ ಕಣ್ಣಳತೆ ಬೇಡ," ಎಂದರು. ಈ ಸಲ ಎದುರು ಮಾತಾಡಲಿಲ್ಲ.

ಏಪ್ರಿಲ್ 15, ಬುಧವಾರ

ಅಂಗಡಿಯ ಹಿಂದಿನ ಗೋಡೆಗೆ ಒರಗಿಸಿಟ್ಟ ಹಳೆಯ ಬಣ್ಣದ ಗಾಜುಗಳಿವೆ. ಯಾರೂ ಕೊಳ್ಳದೆ ಧೂಳು ಹಿಡಿದವು. ಟೇಪು ಮೂರು ಬಗೆಯ ತುಂಡು ಕತ್ತರಿಸಿ ತಂದ, ಆಸ್ಪತ್ರೆಯ ಯಂತ್ರದ ಮುಂದೆ ಹಿಡಿದು ನೋಡಿದೆವು. ಎರಡರ ಹಿಂದೆ ದದ್ದು ಎದ್ದಿತು. ಮೂರನೆಯದು ಜೇನಿನ ಬಣ್ಣದ್ದು. ಅದರ ಹಿಂದೆ ಎಷ್ಟು ಹೊತ್ತು ಕಾದರೂ ಏಳಲಿಲ್ಲ. ಪೂರ್ವದ ಕಿಟಕಿಗೆ ಆಗುವಷ್ಟು ಇದೆ. ಬೇರೆ ಕಿಟಕಿಗೆ ಇಲ್ಲ. ಅವುಗಳ ಕಪ್ಪು ಕಾಗದ ಸದ್ಯಕ್ಕೆ ಹಾಗೇ ಇರಬೇಕು.

ಏಪ್ರಿಲ್ 16, ಗುರುವಾರ

ಬೆಳಿಗ್ಗೆ ಟೇಪು ಹೊರಗಿನಿಂದ ಗಾಜು ಕೂರಿಸಿದ. ನಾನು ಸಾಮಾನು ಕೋಣೆಯಿಂದಲೇ ಕೂಗಿದೆ: ಅಂಚಿಗೆ ಪುಟ್ಟಿ ಒತ್ತಿ ಹಾಕು, ಸೂಜಿಮೊನೆಯಷ್ಟೂ ಸಂದಿ ಬಿಡಬೇಡ. ಅವನು ಒಮ್ಮೆಯೂ ಸುತ್ತಿಕೊಳ್ಳಲಿಲ್ಲ. "ಬನ್ನಿ ಯಜಮಾನ್ರೇ, ಆಯ್ತು," ಎಂದ.

ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಂತೆ. ಭಯವಾಯಿತು, ಬರೆದರೆ ತಪ್ಪೇನು. ಏಣಿ, ಹಾಸಿಗೆ, ಕತ್ತಲೆ, ಇಷ್ಟಕ್ಕೆ ಒಗ್ಗಿಹೋಗಿದ್ದೆ.

"ಹೆಣ್ಣು ನೋಡೋಕೆ ಬಂದವರ ಮುಂದೆ ಬರೋಕೆ ನಾಚಿಕೆನಾ?" ಎಂದಳು ಅಕ್ಕ ಆಚೆಯಿಂದ.

ಹೋದೆ. ನಡುಮನೆಯೆಲ್ಲ ಹಳದಿಯಾಗಿತ್ತು. ಗೋಡೆ, ಮೇಜು, ಅಕ್ಕನ ಬಿಳಿ ಕೂದಲು. ಕುರ್ಚಿಯಲ್ಲಿ ಕೂತಿದ್ದಳು. ಈ ಹಳದಿಯಲ್ಲಿ ಅಂಚುಗಳು ಚೆನ್ನಾಗಿ ಎದ್ದು ಕಾಣುತ್ತಿವೆ ಎಂದಳು, ಮೇಜಿನ ಮೇಲಿನ ಲೋಟವನ್ನು ತಡವರಿಸದೆ ಎತ್ತಿಕೊಂಡಳು. ನಾನು ತೋಳು ಮಡಚಿ ಕಿಟಕಿಯ ಪಕ್ಕ ಕೂತು ಕಾದೆ. ಟೀ ಮುಗಿಯಿತು. ಕೈ ಸುಮ್ಮನಿತ್ತು.

ಪತ್ರಿಕೆಯ ರಬ್ಬರ್ ಬ್ಯಾಂಡ್ ಬಿಚ್ಚಿದೆ. ಓದಿ ಅಭ್ಯಾಸವಿಲ್ಲ, ಎರಡು ಸಾಲಿಗೊಮ್ಮೆ ಎಡವಿದೆ.

"ಅಲ್ಪಪ್ರಾಣ ಅಲ್ಲ, ಮಹಾಪ್ರಾಣ. ಉಸಿರು ಬಿಟ್ಟು ಹೇಳು."

"ಇಲ್ಲಿ ಹೀಗೇ ಇದೆ ಅಕ್ಕ."

"ಹಾಗಾದ್ರೆ ಅಚ್ಚಿನ ತಪ್ಪು," ಎಂದು ತೊಡೆ ತಟ್ಟಿಕೊಂಡಳು. ಎಷ್ಟು ದಿನವಾಗಿತ್ತು ಆ ಖುಷಿ ಕೇಳಿ.

ನೀರಿನ ಸರಬರಾಜು, ರಸ್ತೆ ಅಗೆತ, ಯಾರದೋ ಭಾಷಣ, ಎಲ್ಲ ಓದಿದೆ. ಕೊನೆಯ ಪುಟಕ್ಕೆ ಬಂದೆ.

"ಅಷ್ಟೇನಾ? ಅದರ ಸುದ್ದಿ ಏನೂ ಇಲ್ವಾ?"

ಕೊನೆಯ ಪುಟದ ತುಂಬ ಸೋಪಿನ ಜಾಹೀರಾತು. ನಾನು ಪತ್ರಿಕೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದೆ.

"ಇದೆ. ಉಷ್ಟ್ರಪಕ್ಷಿಯು ನಿನ್ನೆ ಒಂದು ಹಳದಿ ಗಾಜಿನ ಕಿಟಕಿಯ ಮುಂದೆ ಬಹಳ ಹೊತ್ತು ನಿಂತಿದ್ದು, ಒಳಗಿದ್ದವರನ್ನು ನೋಡಿ ಮುಂದೆ ಹೋಯಿತು ಎಂದು ತಿಳಿದುಬಂದಿದೆ."

"ಗಾಜು ಕುಕ್ಕಲಿಲ್ವಾ?"

"ಇಲ್ಲ. ಯಾರ ಅಂಗಡಿ ಗಾಜು ಅಂತಾನೂ ಬರೆದಿದ್ದಾರೆ."

ಅಕ್ಕ ಮುಖವನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸಿದಳು. ನಾನು ಓದುವುದನ್ನು ನಿಲ್ಲಿಸಿ, ಅಲುಗಾಡದೆ ಕೂತೆ. ಅವಳು ನನ್ನನ್ನು ನೋಡುತ್ತಿದ್ದಳು.